ಉಜ್ಜನಪ್ಪನವರ ಬೆನ್ನು

ಗಾಂಧಿಬಜಾರಿನಲ್ಲಿ ನನ್ನ ಪುಸ್ತಕದಂಗಡಿಯ ಎದುರಿಗೇ ಉಜ್ಜನಪ್ಪನವರ ಜವಳಿ ಅಂಗಡಿ. ಒಳಗೆ ಕಾಲಿಟ್ಟರೆ ಗೋಡೆಯ ಮೇಲೆ ಶಿವಪಾರ್ವತಿಯರ ಪಟವೊಂದು ಕಾಣುತ್ತದೆ. ಅದರ ಪಕ್ಕದಲ್ಲಿ, ಅದಕ್ಕಿಂತ ಒಂದು ಗೇಣು ದೊಡ್ಡದಾದ ಚೌಕಟ್ಟಿನಲ್ಲಿ, ಬೂದುಬಣ್ಣದ ಕೋಟು ತೊಟ್ಟ ಒಂದು ಬೆನ್ನಿನ ಫೋಟೋ ಇದೆ. ಮುಖವಿಲ್ಲ, ಬರೀ ಬೆನ್ನು. ಅದಕ್ಕೆ ದಿನವೂ ಸೇವಂತಿಗೆ ಹಾರ. ಒಮ್ಮೆ ಆಯನೂರು ಕಡೆಯ ಅಜ್ಜಿಯೊಬ್ಬಳು ಸೀರೆ ಕೊಳ್ಳಲು ಬಂದವಳು ಅದನ್ನು ಬಹಳ ಹೊತ್ತು ನೋಡಿ, "ಪಾಪ, ಯಾವಾಗ ತೀರ್ಕೊಂಡ್ರು?" ಎಂದು ಕೇಳಿದ್ದಳು. ಉಜ್ಜನಪ್ಪನವರಿಗೆ ಸಿಟ್ಟು ಬಂದು ಆ ದಿನ ಅವಳಿಗೆ ಒಳ್ಳೆಯ ಸೀರೆ ಯಾವುದನ್ನೂ ತೋರಿಸಲಿಲ್ಲ.

ಆ ಬೆನ್ನು ಅವರದೇ. ಸ್ಟುಡಿಯೋದಲ್ಲಿ ಕೂತು, ಗೋಡೆಯ ಕಡೆಗೆ ಮುಖ ಮಾಡಿ, ತೆಗೆಸಿಕೊಂಡದ್ದು. "ಮುಖ ಈ ಕಡೆ ಸ್ವಾಮಿ" ಎಂದ ಫೋಟೋದವನಿಗೆ "ಮುಖ ಯಾರಿಗೆ ಬೇಕಯ್ಯಾ? ಮುಖ ಎಲ್ಲರ ಹತ್ರಾನೂ ಇರ್ತದೆ" ಎಂದು ಗದರಿದರಂತೆ. ಸ್ಟುಡಿಯೋದವನು ಪಾಪ ಮರ್ಯಾದಸ್ಥ, ಆ ಫೋಟೋದ ಕೆಳಗೆ ತನ್ನ ಅಂಗಡಿಯ ಮೊಹರು ಹಾಕಲು ಒಪ್ಪಲಿಲ್ಲ.

ಒಬ್ಬ ಗೃಹಸ್ಥನ ಬೆನ್ನಿಗೆ ಇಷ್ಟು ಬೆಲೆ ಬಂದದ್ದು ಹೇಗೆಂದು ಹೇಳಬೇಕಾದರೆ ಅವರು ನಡೆಯುವ ರೀತಿಯಿಂದ ಶುರು ಮಾಡಬೇಕು. ನಮ್ಮ ಕಡೆ ಗಂಡ ಮುಂದೆ, ಹೆಂಡತಿ ನಾಲ್ಕು ಹೆಜ್ಜೆ ಹಿಂದೆ ನಡೆಯುವುದು ಹೊಸದೇನಲ್ಲ. ಆದರೆ ಉಳಿದ ಗಂಡಸರು ತಿರುವಿನಲ್ಲಿ ಒಮ್ಮೆ ನಿಂತು, ಮೂಗು ಒರೆಸಿಕೊಳ್ಳುವ ನೆಪದಲ್ಲಾದರೂ, ಹಿಂದೆ ನೋಡುತ್ತಾರೆ. ಉಜ್ಜನಪ್ಪನವರು ನೋಡುವುದಿಲ್ಲ. ಹೆಂಡತಿ ಕಲ್ಲಮ್ಮನವರು ಬರುತ್ತಿದ್ದಾರೆಂಬುದು ಅವರಿಗೆ ಸೂರ್ಯ ಹುಟ್ಟುತ್ತಾನೆ ಎಂಬಷ್ಟೇ ಗ್ಯಾರಂಟಿ. ಒಂದು ಸಲ ದುರ್ಗಿಗುಡಿಯ ನೆಂಟರ ಮನೆಗೆ ಊಟಕ್ಕೆ ಹೊರಟರು. ದಾರಿಯಲ್ಲಿ ಕಲ್ಲಮ್ಮನವರ ಚಪ್ಪಲಿಯ ಉಂಗುಷ್ಠ ಕಿತ್ತಿತು, ಅವರು ಮೋಚಿಯ ಹತ್ತಿರ ನಿಂತರು. ಉಜ್ಜನಪ್ಪನವರು ನೆಂಟರ ಮನೆ ತಲುಪಿ, ಕೈಕಾಲು ತೊಳೆದು, ಎಲೆಯ ಮುಂದೆ ಕೂತರು. "ಅಕ್ಕಾರು ಎಲ್ಲಿ?" ಎಂದರೆ "ಹಿಂದೆ ಇದಾಳೆ" ಎಂದರು. ಹೋಳಿಗೆ ಎರಡನೆಯ ಸಲ ಬಡಿಸುವ ಹೊತ್ತಿಗೆ ಕಲ್ಲಮ್ಮನವರು ಬಂದರು. "ನೋಡಿ, ಹೇಳಲಿಲ್ವಾ" ಎಂದು ಉಜ್ಜನಪ್ಪನವರು ತುಪ್ಪ ಹಾಕಿಸಿಕೊಂಡರು. ತಾವು ಹೇಳಿದ್ದು ನಿಜವಾಯಿತೆಂಬ ತೃಪ್ತಿ ಅವರ ಮುಖದಲ್ಲಿತ್ತು.

ನಮ್ಮದೊಂದು ಗಿರಿವಿಹಾರ ಮಿತ್ರಮಂಡಳಿ. ಶಿವಮೊಗ್ಗದ ಅಂಗಡಿಯವರು ಕೆಲವರು, ಭದ್ರಾವತಿಯ ಕಾರ್ಖಾನೆಯವರು ಕೆಲವರು. ನಾನು ಕಾರ್ಯದರ್ಶಿ. ವರ್ಷಕ್ಕೊಮ್ಮೆ ಬಸ್ಸು ಗೊತ್ತುಮಾಡಿಕೊಂಡು ಬೆಟ್ಟಕ್ಕೆ ಹೋಗಿ, ಶುದ್ಧ ಗಾಳಿ ಕುಡಿದು, ಇಸ್ಪೀಟು ಆಡಿ ಬರುವುದು ಮಂಡಳಿಯ ಘನ ಉದ್ದೇಶ. ಮಂಡಳಿಗೆ ಒಬ್ಬ ಮುಖಂಡ. ಅವನ ಕೊರಳಲ್ಲಿ ಒಂದು ಹಿತ್ತಾಳೆಯ ಸೀಟಿ. ಅದನ್ನು ಊದಿದಾಗ ಎಲ್ಲರೂ ನಡೆಯಬೇಕು, ಮತ್ತೆ ಊದಿದಾಗ ನಿಲ್ಲಬೇಕು. ಬಸ್ಸಿನಲ್ಲಿ ಡ್ರೈವರನ ಪಕ್ಕದ ಸೀಟು ಅವನದು. ಈ ಸೀಟಿಗೂ ಆ ಸೀಟಿಗೂ ಎಷ್ಟು ಆಸೆಪಡುವವರಿದ್ದರೆಂದರೆ, ಪುರಸಭೆಯ ಚುನಾವಣೆಯೂ ಅದರ ಮುಂದೆ ಸಪ್ಪೆ.

ಐವತ್ತರ ದಶಕದ ಕೊನೆಯಲ್ಲಿ ಒಂದು ಚಳಿಗಾಲ ನಾವು ಕೆಮ್ಮಣ್ಣುಗುಂಡಿಗೆ ಹೊರಟೆವು. ಬೆಟ್ಟದ ಮೇಲೆ ಚಳಿ ಎಂದು ಉಜ್ಜನಪ್ಪನವರೇ ಎಲ್ಲರನ್ನೂ ಹೆದರಿಸಿ, ಮಾರಾಟವಾಗದೆ ಉಳಿದಿದ್ದ ಒಂದು ಥಾನು ಉಣ್ಣೆ ಬಟ್ಟೆಯನ್ನು ಬಿಚ್ಚಿ, ಎಲ್ಲರಿಗೂ ಕೋಟು ಹೊಲಿಸಿದರು. ಒಂದೇ ಥಾನು, ಒಂದೇ ಬೂದುಬಣ್ಣ, ಒಬ್ಬನೇ ದರ್ಜಿ. ತರೀಕೆರೆಯಲ್ಲಿ ಕಾಫಿಗೆ ಇಳಿದಾಗ ಹೋಟೆಲಿನವನು ನಮ್ಮನ್ನು ಯಾವುದೋ ಬ್ಯಾಂಡ್ ಸೆಟ್ಟಿನವರೆಂದು ತಿಳಿದು, ಯಾರ ಮನೆ ಮದುವೆ ಎಂದು ವಿಚಾರಿಸಿದ.

ಬೆಟ್ಟದ ಮೇಲೆ ಹೂತೋಟದ ಪಕ್ಕದಲ್ಲಿ ಮದರಾಸಿನ ಸಿನಿಮಾ ಕಂಪನಿಯೊಂದು ಬೀಡುಬಿಟ್ಟಿತ್ತು. ಶಿಖರದ ಕಡೆ ಹೋಗುವ ಕಾಲುದಾರಿಯಲ್ಲಿ ನಾಯಕ ನಾಯಕಿ ಹಾಡುತ್ತ ಬರಬೇಕು, ಅವರ ಮುಂದೆ ದೂರದಲ್ಲಿ ಒಬ್ಬ ಪ್ರವಾಸಿ ತನ್ನ ಪಾಡಿಗೆ ನಡೆದು ಹೋಗುತ್ತಿರಬೇಕು. ಆ ಪ್ರವಾಸಿಗಾಗಿ ಅವರಿಗೆ ಒಬ್ಬ ಮನುಷ್ಯ ಬೇಕಾಗಿತ್ತು. ನಾವು ಎಲ್ಲರೂ ಒಟ್ಟಿಗೇ ಮುಂದೆ ಬಂದೆವು.

"ತಿರುಂಬಾದೀಂಗ!" ಎಂದು ನಿರ್ದೇಶಕ ತಮಿಳಿನಲ್ಲಿ ಕೂಗಿದ. ಭದ್ರಾವತಿಯ ಜಟ್ಟಪ್ಪನಿಗೆ ಕಾರ್ಖಾನೆಯ ಸಹವಾಸದಿಂದ ತಮಿಳು ಬರುತ್ತಿತ್ತು. ಅವನು ನಮಗೆ ಬಿಡಿಸಿ ಹೇಳಿದ: "ಹಿಂದೆ ತಿರುಗಿ ನೋಡ್ಬಾರ್ದಂತೆ ಕಣ್ರೀ. ನಡೀತಾ ಹೋಗ್ಬೇಕಂತೆ, ಅಷ್ಟೇ."

ಅಷ್ಟೇ! ಹಿಂದುಗಡೆ ಜರತಾರಿ ಸೀರೆಯ ನಾಯಕಿ ಬರುತ್ತಿರುವಾಗ ಯಾವ ಗಂಡಸು ತಿರುಗದೆ ನಡೆದಾನು? ನಾನು ಐದು ಮಾರು ಹೋಗುವಷ್ಟರಲ್ಲಿ ತಿರುಗಿದೆ. ನನ್ನ ನಂತರದವರು ಮೂರೇ ಮಾರಿಗೆ ತಿರುಗಿದರು. ತಿರುಗಬಾರದೆಂದು ನಮಗೆ ಬಿಡಿಸಿ ಹೇಳಿದ್ದ ಜಟ್ಟಪ್ಪನೇ ತಿರುಗಿ, ನಾಯಕಿಗೆ ನಮಸ್ಕಾರ ಬೇರೆ ಹೇಳಿದ. ನಿರ್ದೇಶಕ ತಲೆಯ ಮೇಲೆ ಕೈಹೊತ್ತು ಬಂಡೆಯ ಮೇಲೆ ಕೂತ. ಕೊನೆಗೆ ಉಜ್ಜನಪ್ಪನವರ ಸರದಿ. ಅವರು ಹೊರಟರು. ಹಾಡು ಮುಗಿಯಿತು, ಕ್ಯಾಮೆರಾ ನಿಂತಿತು, "ಸಾಕು ಸಾಕು" ಎಂದು ಎಲ್ಲರೂ ಕೂಗಿದರು. ಅವರು ತಿರುಗಲೇ ಇಲ್ಲ. ಬೆಟ್ಟದ ಆ ಪಕ್ಕಕ್ಕೆ ಇಳಿದುಹೋಗಿದ್ದ ಅವರನ್ನು ಕರೆತರಲು ಸಿನಿಮಾದವರು ಇಬ್ಬರನ್ನು ಕಳಿಸಬೇಕಾಯಿತು. ಜಟ್ಟಪ್ಪನಿಗೆ ಹೊಟ್ಟೆ ಉರಿದು, ಇನ್ನೊಂದು ಅವಕಾಶ ಕೊಡಿ ಎಂದು ತಮಿಳಿನಲ್ಲಿ ಅಂಗಲಾಚಿ, ಎರಡನೆಯ ಸಲ ತಾನೂ ತಿರುಗದೆ ನಡೆದು ತೋರಿಸಿದ. ಮುಂದಿನ ಜಗಳಕ್ಕೆ ಬೀಜ ಬಿದ್ದದ್ದು ಅಲ್ಲಿ.

ಚಿತ್ರ ಶಿವಮೊಗ್ಗಕ್ಕೆ ಬಂತು. ಹಾಡಿನಲ್ಲಿ ಕಾಲುದಾರಿ ಬಂತು, ಕಾಲುದಾರಿಯಲ್ಲಿ ಬೂದು ಕೋಟಿನ ಬೆನ್ನು ಬಂತು. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಹೊತ್ತು. ಉಜ್ಜನಪ್ಪನವರು ಎದ್ದು ನಿಂತು "ನಾನೇ!" ಎಂದು ಕೂಗಿದರು. ಮರುದಿನವೂ ಹೋಗಿ ಕೂಗಿದರು. ಆ ಚಿತ್ರ ಇದ್ದಷ್ಟು ದಿನವೂ ಗುರುತಿನವರನ್ನು ಕರೆದುಕೊಂಡು ಹೋದರು, ಗುರುತಿಲ್ಲದವರನ್ನೂ ಕರೆದುಕೊಂಡು ಹೋದರು. ಕಲ್ಲಮ್ಮನವರನ್ನು ಮಾತ್ರ ಕರೆದುಕೊಂಡು ಹೋಗಲಿಲ್ಲ. "ಮನೇಲಿ ಹೆಂಗೂ ನೋಡ್ತಾಳಲ್ಲ" ಎಂದರು.

ಅಲ್ಲಿಂದ ಶುರುವಾಯಿತು ಅವರ ಹೊಸ ಜೀವನ. ಫೋಟೋ ಬಂತು, ಹಾರ ಬಂತು. ಅಂಗಡಿಯಲ್ಲಿ ಬಟ್ಟೆ ಹರಿಯುವಾಗ ಗಿರಾಕಿಗಳಿಗೆ ಬೆನ್ನು ಕಾಣುವಂತೆ ಕೂರತೊಡಗಿದರು. "ಆ ಚಿತ್ರದಲ್ಲಿ ಹೀರೋ ಹೀರೋಯಿನ್ ಎಲ್ಲಾ ಯಾರ ಹಿಂದೆ ಬರ್ತಾರೆ? ನನ್ನ ಹಿಂದೆ" ಎನ್ನುವರು. ಚಿತ್ರದಲ್ಲಿ ಕೆಲಸ ಮಾಡಿದವರೆಂದು ಮಂಡಳಿ ಅವರನ್ನೇ ಮುಖಂಡರನ್ನಾಗಿ ಮಾಡಿತು. ಸೀಟಿ ಅವರ ಕೊರಳಿಗೆ ಬಿತ್ತು. ಸವಳಂಗ ರಸ್ತೆಯ ಶಾಲೆಯೊಂದು ಅವರನ್ನು ವಾರ್ಷಿಕೋತ್ಸವಕ್ಕೆ ಕರೆಸಿ ಶಾಲು ಹೊದಿಸಿತು. ಆ ಶಾಲನ್ನು ಶಾಲೆಯವರು ಇವರ ಅಂಗಡಿಯಲ್ಲೇ ಕೊಂಡಿದ್ದರು.

ಮೂರು ವರ್ಷದ ಮೇಲೆ, ಅದೇ ಚಿತ್ರ ಭದ್ರಾವತಿಗೆ ಬಂತು. ಜಟ್ಟಪ್ಪ ಆಗ ಮೊದಲ ಸಲ ನೋಡಿದ. ಮರುದಿನವೇ ಸೈಕಲ್ ತುಳಿದುಕೊಂಡು ಶಿವಮೊಗ್ಗಕ್ಕೆ ಬಂದು, ಬಜಾರಿನ ನಡುಮಧ್ಯೆ ನಿಂತು ಸಾರಿದ: "ಅದು ನನ್ನ ಬೆನ್ನು ಮಾರಾಯ್ರೇ! ನಾನು ಎರಡನೇ ಸಲ ನಡೆದದ್ದು. ಇಷ್ಟು ವರ್ಷ ಈ ಮನುಷ್ಯ ನನ್ನ ಬೆನ್ನಿಗೆ ಹಾರ ಹಾಕ್ಕೊಂಡು ಕೂತಿದಾರೆ!"

ಬಜಾರು ಎರಡು ಭಾಗವಾಯಿತು. ಅವೇ ಭುಜ, ಅದೇ ಎತ್ತರ, ಅದೇ ಥಾನು, ಅದೇ ದರ್ಜಿ. ದರ್ಜಿಯನ್ನು ಕೇಳಿದರೆ ಎರಡು ಕೋಟೂ ತನ್ನವೇ ಎಂದ. ಭದ್ರಾವತಿಯವರು ಬೆನ್ನು ಭದ್ರಾವತಿಯದೆಂದರು, ಶಿವಮೊಗ್ಗದವರು ಶಿವಮೊಗ್ಗದ್ದೆಂದರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಈ ವಿಷಯಕ್ಕೆ ಕೈ ಕೈ ಮಿಲಾಯಿಸಿದವೆಂದು ಕೇಳಿದೆ. ದೇಶಕ್ಕೆ ಪಂಚವಾರ್ಷಿಕ ಯೋಜನೆಗಳು ಬರುತ್ತಿದ್ದ ಕಾಲ, ನಮಗೆ ಮಾತ್ರ ಬೆನ್ನಿನದೇ ಚಿಂತೆ.

ಉಜ್ಜನಪ್ಪನವರು ನಗುವುದನ್ನು ನಿಲ್ಲಿಸಿದರು. ಗಿರಾಕಿ ಬಂದರೂ ಫೋಟೋದ ಕಡೆ ಕೈ ತೋರಿಸುತ್ತಿರಲಿಲ್ಲ. ಒಂದು ಸಂಜೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು, "ಕಾರ್ಯದರ್ಶಿಗಳೇ, ನಾನು ಹುಟ್ಟಿದ ಮೇಲೆ ಜನ ನನ್ನನ್ನ ನೋಡಿದ್ದು ಅಂತಿದ್ರೆ ಅದೊಂದೇ ಸಲ. ಅದೂ ನನ್ನದಲ್ಲ ಅಂದ್ಬಿಟ್ರೆ?" ಎಂದರು. ಆಡಿಕೊಳ್ಳಬೇಕೆಂದಿದ್ದೆ, ಆಗಲಿಲ್ಲ. ಆ ಮನುಷ್ಯನ ಮೇಲೆ ಮೊದಲ ಸಲ ನನಗೆ ಅಯ್ಯೋ ಎನ್ನಿಸಿತು. ಬೆನ್ನು ತಮ್ಮದಲ್ಲವೆಂದಾದರೆ ಸೀಟಿ ಬಿಚ್ಚಿಕೊಟ್ಟು, ಫೋಟೋ ಇಳಿಸುವುದಾಗಿ ಅವರು ಅಷ್ಟರಲ್ಲಿ ಎಲ್ಲರೆದುರು ಮಾತು ಕೊಟ್ಟಾಗಿತ್ತು.

ದಾರಿ ತೋರಿಸಿದವಳು ನನ್ನ ಹೆಂಡತಿ ಜಯಶೀಲಾ. ನಾನು ಮನೆಯಲ್ಲಿ ಇದನ್ನು ವಿವರಿಸುತ್ತಿದ್ದಾಗ ಅವಳು ಅಕ್ಕಿ ಆರಿಸುತ್ತ ಅಂದಳು: "ನೀವು ಗಂಡಸರು ಒಬ್ಬರ ಬೆನ್ನು ಒಬ್ಬರು ಯಾವಾಗ ನೋಡಿದ್ರಿ? ಅವರವರ ಹೆಂಡ್ತೀರನ್ನ ಕೇಳಿ."

ಮಂಡಳಿ ಒಪ್ಪಿತು. ಚಿತ್ರ ಮತ್ತೆ ಶಿವಮೊಗ್ಗದ ಟಾಕೀಸಿಗೆ ಬಂದಾಗ ಭಾನುವಾರದ ಮ್ಯಾಟಿನಿಗೆ ಎಲ್ಲರೂ ಹೋದೆವು. ಗಂಡಸರು ಈ ಕಡೆ, ಅಡ್ಡಗೋಡೆಯ ಆಚೆ ಹೆಂಗಸರು. ಕಲ್ಲಮ್ಮನವರೂ ಜಟ್ಟಪ್ಪನ ಹೆಂಡತಿ ಈಶ್ವರಮ್ಮನೂ ಅಕ್ಕಪಕ್ಕ ಕೂತರು. ಹಾಡು ಶುರುವಾದಾಗ ಸೋಡಾ ಮಾರುವವನೂ ನಿಂತು ನೋಡಿದ. ಕಾಲುದಾರಿ ಬಂತು. ಬೆನ್ನು ಬಂತು. ಉಜ್ಜನಪ್ಪನವರು ಆ ದಿನ ಕೂಗಲಿಲ್ಲ, ನನ್ನ ತೋಳನ್ನು ಹಿಡಿದುಕೊಂಡಿದ್ದರು. ಬೆನ್ನು ಹೋಯಿತು.

ಹೊರಗೆ ಬಂದು ಹುಣಸೆ ಮರದ ಕೆಳಗೆ ನಿಂತೆವು. ಮೊದಲು ಈಶ್ವರಮ್ಮನನ್ನು ಕೇಳಿದೆವು. ಆಕೆ ಕಾರ್ಖಾನೆಯ ಲೈನ್ ಮನೆಗಳಲ್ಲಿ ಸಂಸಾರ ಮಾಡಿದವಳು, ಮಾತಿಗೆ ಹಿಂಜರಿಯುವವಳಲ್ಲ.

"ನಂಗೆಂಗೆ ಗೊತ್ತಾಗ್ಬೇಕು? ನಾವಿಬ್ರೂ ಎಲ್ಲಿಗೋದ್ರೂ ಪಕ್ಕ ಪಕ್ಕಾನೇ ಹೋಗೋದು. ಇವರ ಕಿವಿ ತೋರ್ಸಿ, ಹೇಳ್ತೀನಿ. ಬೆನ್ನು ನಾನು ಯಾವತ್ತು ನೋಡೀನಿ?"

ಜಟ್ಟಪ್ಪ ಪೆಚ್ಚಾದ. ಎಲ್ಲರೂ ಕಲ್ಲಮ್ಮನವರ ಕಡೆ ತಿರುಗಿದರು. ಅವರು ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ, ಆದರೆ ಸ್ಪಷ್ಟವಾಗಿ ಹೇಳಿದರು:

"ಇವರೇ. ಎಡಗಡೆ ಭುಜ ಒಂಚೂರು ಇಳೀತದೆ. ಏರು ಬಂದಾಗ ಬಲಗೈ ಹಿಂದಕ್ಕೆ ಕಟ್ಕೊಂತಾರೆ. ಕಲ್ಲು ಎಡವಿದ್ರೂ ತಲೆ ಬಗ್ಗಿಸಲ್ಲ. ಮದ್ವೆ ಆದಾಗಿಂದ ನಾನು ನೋಡಿದ್ದು ಅದನ್ನೇ ಅಲ್ವಾ." ಆಮೇಲೆ, "ಮುಖ ತೋರ್ಸಿದ್ರೆ ಹೇಳೋದು ಕಷ್ಟ ಆಗ್ತಿತ್ತು" ಎಂದರು.

ಎಲ್ಲರೂ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಉಜ್ಜನಪ್ಪನವರು. ಗೆದ್ದಿದ್ದರಲ್ಲ, ಕೊನೆಯ ಮಾತು ಅವರ ಕಿವಿಗೆ ಬಿದ್ದಿರಲಿಕ್ಕಿಲ್ಲ. ಸೀಟಿಯನ್ನು ಅಲ್ಲೇ ಒಮ್ಮೆ ಊದಿದರು. ನಾನು ಕಲ್ಲಮ್ಮನವರನ್ನು ನೋಡಿದೆ, ಅವರು ನಗುತ್ತಿರಲಿಲ್ಲ.

ಸೋತ ಜಟ್ಟಪ್ಪ ದೊಡ್ಡ ಮನಸ್ಸಿನವನು. "ಸಾಕ್ಷಿ ಹೇಳಿದ ಅಕ್ಕನೋರು ಆ ಜಾಗಾನೇ ನೋಡಿಲ್ಲ ಅಂದ್ರೆ ಹೆಂಗೆ? ಈ ಸಲ ಹೆಂಗಸರನ್ನೂ ಕರ್ಕೊಂಡು ಹೋಗಣ" ಎಂದ. ಮಂಡಳಿಯ ಇತಿಹಾಸದಲ್ಲೇ ಇಲ್ಲದ ಮಾತು. ಆದರೆ ಉಜ್ಜನಪ್ಪನವರಿಗೆ ತಾವು ನಡೆದ ದಾರಿಯನ್ನು ಇನ್ನಷ್ಟು ಜನಕ್ಕೆ ತೋರಿಸುವ ಹುಮ್ಮಸ್ಸು, ತಕ್ಷಣ ಒಪ್ಪಿದರು. ಒಪ್ಪಿದವರು ಸುಮ್ಮನಿರುತ್ತಾರೆಯೇ? ಹೆಂಗಸರಿಗೂ ಸಮವಸ್ತ್ರ ಬೇಕೆಂದು, ಒಂದು ಗಂಟು ಹಸಿರು ಸೀರೆಗಳನ್ನು ಬಿಚ್ಚಿ, ಮಂಡಳಿಯ ಎಲ್ಲ ಮನೆಗೂ ಒಂದೊಂದು ಸಾಗಿಸಿದರು. ಆ ಬಣ್ಣದ ಸೀರೆ ಎರಡು ವರ್ಷದಿಂದ ಅಂಗಡಿಯ ಅಟ್ಟದಲ್ಲಿತ್ತೆಂದು ನನಗೆ ಗೊತ್ತಿತ್ತು.

ಬೆಟ್ಟದ ಮೇಲೆ ಆ ದಿನ ಹೊಳೆಯುವ ಬಿಸಿಲು. ಆಕಾಶದಲ್ಲಿ ಎಳೆದ ಹಗ್ಗದ ದಾರಿಯಲ್ಲಿ ಕಾರ್ಖಾನೆಯ ಅದಿರಿನ ತೊಟ್ಟಿಗಳು ಒಂದರ ಹಿಂದೊಂದು ತೇಲಿ ಇಳಿಯುತ್ತಿದ್ದವು. ಕಾಲುದಾರಿಯ ಬುಡದಲ್ಲಿ ಉಜ್ಜನಪ್ಪನವರು ಸೀಟಿ ಊದಿ ನಿಲ್ಲಿಸಿ, ಭಾಷಣ ಮಾಡಿದರು: ಕ್ಯಾಮೆರಾ ಇಲ್ಲಿತ್ತು, ನಿರ್ದೇಶಕನ ಕೊಡೆ ಅಲ್ಲಿತ್ತು, ನಾನು ಇಲ್ಲಿಂದ ಹೊರಟೆ. ಭಾಷಣ ಮುಗಿದಾಗ ಕಲ್ಲಮ್ಮನವರು ಹತ್ತಿರ ಬಂದು ಮೆಲ್ಲಗೆ ಏನೋ ಕೇಳಿದರು.

"ಏನಂದೆ?"

"ಇವತ್ತೊಂದಿನ ನಾನು ಮುಂದೆ ಹೋಗ್ತೀನಿ ಅಂದೆ. ಎದುರಿಗೆ ಯಾರೂ ಇಲ್ದೆ ದಾರಿ ಹೆಂಗೆ ಕಾಣ್ತದೆ ಅಂತ ನೋಡ್ಬೇಕು."

ಗೆದ್ದ ಗಂಡಸಿಗೆ ಔದಾರ್ಯ ಬೇಗ ಬರುತ್ತದೆ. "ಹೋಗು ಹೋಗು, ಅದಕ್ಕೇನು. ನಾನು ಹಿಂದೇನೇ ಇರ್ತೀನಿ, ಹೆದರ್ಬೇಡ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಕಲ್ಲಮ್ಮನವರು ಹೊರಟರು. ಉಜ್ಜನಪ್ಪನವರು ಹಿಂದೆ. ಆದರೆ ಹತ್ತು ಹೆಜ್ಜೆಗೆ ಯಾರೋ ನಾಯಕಿ ಎಲ್ಲಿ ನಿಂತಿದ್ದಳೆಂದು ಕೇಳಿದರು, ಇವರು ನಿಂತು ತೋರಿಸಿದರು. ತೋರಿಸಿ ತಿರುಗಿದಾಗ ದಾರಿಯ ಮೇಲೆ ಮುಂದೆ ಹಸಿರು ಸೀರೆ ಹೋಗುತ್ತಿತ್ತು. ಇವರು ಅದರ ಹಿಂದೆ ನಡೆದರು. ನಾನೂ ಜಯಶೀಲಾಳೂ, ಬೀಡಿ ಹಚ್ಚಲು ನಿಂತು ಹಿಂದುಳಿದ ಜಟ್ಟಪ್ಪನೂ ಸ್ವಲ್ಪ ಹಿಂದಿದ್ದೆವು. ಮೊದಲ ತಿರುವಿನಲ್ಲಿ ಕಲ್ಲಮ್ಮನವರು ದಾರಿ ಬಿಟ್ಟು ಬಂಡೆಯ ಮೇಲೆ ನಿಂತು ಕಣಿವೆ ನೋಡುತ್ತಿರುವುದು ನಮಗೆ ಕಂಡಿತು. ಉಜ್ಜನಪ್ಪನವರು ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ, ಜೋರಾಗಿ ಮಾತಾಡುತ್ತಲೇ, ಅವರನ್ನು ದಾಟಿ ಹೋದರು. ಕಲ್ಲಮ್ಮನವರು ನೋಡಿದರು. ಬಂಡೆಯಿಂದ ಇಳಿದು ಯಥಾಪ್ರಕಾರ ಗಂಡನ ನಾಲ್ಕು ಹೆಜ್ಜೆ ಹಿಂದೆ ನಡೆಯತೊಡಗಿದರು.

ನಾನು ಕೂಗಲು ಹೋದೆ. ಜಯಶೀಲಾ ನನ್ನ ಕೈ ಜಗ್ಗಿದಳು.

ಅರ್ಧ ಏರಿನಲ್ಲಿ ಕಲ್ಲಮ್ಮನವರೇ ಒಮ್ಮೆ ಕರೆದರು: "ರೀ!"

ದಾರಿಯಲ್ಲಿದ್ದ ಗಂಡಸರೆಲ್ಲ ತಿರುಗಿದೆವು. ನನ್ನ ಹೆಂಡತಿ ನನ್ನ ಕಣ್ಣೆದುರೇ ಇದ್ದಳು, ಆದರೂ ನಾನು ತಿರುಗಿ ಹಿಂದೆ ನೋಡಿದೆ. ಉಜ್ಜನಪ್ಪನವರು ಮಾತ್ರ ಮುಂದಿನ ಹಸಿರು ಸೀರೆಗೆ ಸಿನಿಮಾದ ಕಥೆ ಹೇಳುತ್ತ ಹೋಗುತ್ತಲೇ ಇದ್ದರು.

ಶಿಖರ ಬಂತು. ಅಲ್ಲೊಂದು ಚಪ್ಪಟೆ ಬಂಡೆ. ಉಜ್ಜನಪ್ಪನವರು ಏದುಸಿರು ಬಿಡುತ್ತ, ನಾವು ಯಾರೂ ಅದುವರೆಗೆ ಕೇಳಿರದ ಮೃದು ದನಿಯಲ್ಲಿ ಅಂದರು: "ಕೂತ್ಕೋ. ಕಾಲು ನೋಯ್ತಿದೆಯೇನೇ?"

ಸೀರೆ ತಿರುಗಿತು. ಈಶ್ವರಮ್ಮ.

"ಇಲ್ಲ ಅಣ್ಣಾರೇ, ನಂಗೇನೂ ನೋವಿಲ್ಲ. ನಿಮ್ಮ ಕಥೆ ಮಾತ್ರ ಬಾಳ ಉದ್ದ ಆಯ್ತು."

ಜಟ್ಟಪ್ಪ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ. ಉಜ್ಜನಪ್ಪನವರ ಮುಖ ಬೂದುಗುಂಬಳಕಾಯಿಯ ಹಾಗೆ ಬಿಳಿಚಿತು. "ಇವಳೆಲ್ಲಿ? ಕಲ್ಲಮ್ಮ ಎಲ್ಲಿ?" ಎಂದು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಪ್ರಪಾತದ ಕಡೆಗೂ ನೋಡಿದರು. ಹಿಂದೆ ನೋಡಬೇಕೆಂದು ಹೊಳೆದದ್ದು ಕಟ್ಟಕಡೆಗೆ. ನಾಲ್ಕು ಹೆಜ್ಜೆ ಹಿಂದೆ ಕಲ್ಲಮ್ಮನವರು ನಿಂತಿದ್ದರು.

"ಮುಂದೆ ಹೋಗ್ತೀನಿ ಅಂದವಳು ಹಿಂದೆ ಯಾಕೆ ಬಂದೆ? ನನ್ನ ಜೀವಾನೇ ಹೋಗಿತ್ತಲ್ಲೇ! ಕೂಗ್ಬಾರ್ದಾಗಿತ್ತಾ?"

"ಹೆಸರು ಹಿಡಿದು ಕೂಗೋ ಹಾಗಿಲ್ಲ" ಎಂದರು ಕಲ್ಲಮ್ಮ. "ರೀ ಅಂತ ಒಂದ್ಸಲ ಕೂಗಿದೆ. ದಾರೀಲಿದ್ದ ಗಂಡಸರೆಲ್ಲ ತಿರುಗಿ ನೋಡಿದ್ರು. ನೀವೊಬ್ರೇ ನೋಡ್ಲಿಲ್ಲ."

ಉಜ್ಜನಪ್ಪನವರು ನಮ್ಮ ಕಡೆ ನೋಡಿದರು. ನಾವು ಯಾರೂ ಸಹಾಯಕ್ಕೆ ಬರಲಿಲ್ಲ.

"ಕತ್ತಲೆ ಟಾಕೀಸಿನಲ್ಲಿ ನಿಮ್ಮ ಬೆನ್ನು ನಾನು ಗುರುತು ಹಿಡಿದೆ. ಇಷ್ಟು ಬಿಸಿಲಲ್ಲಿ ನನ್ನದು ನಿಮಗೆ ಗೊತ್ತಾಗ್ಲಿಲ್ಲ" ಎಂದು ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಬೆವರೋ ಮತ್ತೊಂದೋ, ನಾನು ನೋಡಲಿಲ್ಲ. "ಹೋಗ್ಲಿ ಬಿಡಿ. ಕಾಲು ನೋಯ್ತಿದೆಯಾ ಅಂತ ಕೇಳಿದ್ರಲ್ಲ, ಅದನ್ನ ನನಗೇ ಕೇಳಿದ್ದು ಅಂತ ಇಟ್ಕೊಳ್ತೀನಿ. ನೋಯ್ತಿದೆ."

ಅವರು ಬಂಡೆಯ ಮೇಲೆ ಕೂತರು. ಉಜ್ಜನಪ್ಪನವರು ಪಕ್ಕದಲ್ಲಿ ಕೂತರು. ಅವತ್ತು ಇಳಿಯಲು ಸೀಟಿ ಊದುವವರೇ ಇರಲಿಲ್ಲ, ಜನ ತಮ್ಮ ಪಾಡಿಗೆ ತಾವು ಇಳಿದರು.

ಇಳಿಯುವಾಗ ದಾರಿ ಕಿರಿದು, ಇಬ್ಬರು ಜೊತೆಯಾಗಿ ನಡೆಯಲು ಜಾಗವಿಲ್ಲ. ಉಜ್ಜನಪ್ಪನವರು ಮುಂದೆ, ಕಲ್ಲಮ್ಮನವರು ಹಿಂದೆ. ನಾಲ್ಕು ಹೆಜ್ಜೆಗೊಮ್ಮೆ ಉಜ್ಜನಪ್ಪನವರು ತಿರುಗಿ ನೋಡುತ್ತಿದ್ದರು. ಅಭ್ಯಾಸವಿಲ್ಲದ ಕುತ್ತಿಗೆ, ಪ್ರತಿ ಸಲವೂ ಕಲ್ಲು ಎಡವುತ್ತಿದ್ದರು. ನಿರ್ದೇಶಕ ಕೂತಿದ್ದ ಬಂಡೆಯ ಹತ್ತಿರ ಜಟ್ಟಪ್ಪನಿಗೆ ತಡೆಯಲಾಗಲಿಲ್ಲ.

"ಇನ್ನು ಸಿನಿಮಾದವರು ಬಂದ್ರೆ ನಿಮ್ಮನ್ನ ತಗೊಳ್ಳಲ್ಲ ಬಿಡಿ ಉಜ್ಜನಪ್ಪನೋರೇ!"

"ಬೇಡ ಮಾರಾಯ" ಎಂದರು ಉಜ್ಜನಪ್ಪನವರು.

"ಮುಂದೆ ನೋಡ್ಕೊಂಡು ನಡೀರಿ, ಬಿದ್ದೀರಿ" ಎಂದರು ಕಲ್ಲಮ್ಮ.

ಅವರು ಮತ್ತೆ ತಿರುಗಿ ನೋಡಿದರು.